ಮಾಡಿನ ಹಂಚು ಗೋಡೆಗಿಳಿದ ಕತೆ

ಕಾಪುವಿನ ಹತ್ತಿರ ನಮ್ಮದೊಂದು ಸಣ್ಣ ಟ್ರಸ್ಟಿನ ಕಛೇರಿಯಿದೆ. ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಹಂಚುವ, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣಾ ಶಿಬಿರ ನಡೆಸುವ, ಉಳಿದ ದಿನ ಮುದುಕರು ಕೂತು ಪತ್ರಿಕೆ ಓದುವ ಜಾಗ. 1986ರಲ್ಲಿ ಊರಿನ ಗಲ್ಫ್ ಹುಡುಗರು ಕಳಿಸಿದ ಹಣದಲ್ಲಿ ಎದ್ದ ಎರಡಂತಸ್ತಿನ ಕಾಂಕ್ರೀಟು ಪೆಟ್ಟಿಗೆ ಅದು. ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತದೆ, ಮಳೆಗಾಲದಲ್ಲಿ ಪಡುವಣ ಗೋಡೆ ನೀರು ಕುಡಿದು ಕಪ್ಪಾಗುತ್ತದೆ. ಸುತ್ತ ಇರುವುದೆಲ್ಲ ಹಂಚಿನ ಮನೆಗಳು, ತೆಂಗಿನ ತೋಟ. ನಡುವೆ ಇದೊಂದೇ ಬಿಳಿ-ಹಸಿರು ಬಣ್ಣ ಬಳಿದುಕೊಂಡು ನಿಂತಿತ್ತು. 2022ರ ಮಳೆ ಕಳೆದ ಮೇಲೆ ಅದನ್ನು ನವೀಕರಿಸುವುದೆಂದು ಸಮಿತಿ ತೀರ್ಮಾನಿಸಿತು. ಮಣಿಪಾಲದಲ್ಲಿ ಓದಿದ ಯುವ ಆರ್ಕಿಟೆಕ್ಟ್ ಒಬ್ಬರು ನಕ್ಷೆಯ ಜೊತೆ ಒಂದು ರಟ್ಟಿನ ಪೆಟ್ಟಿಗೆಯನ್ನೂ ತಂದರು. ಪೆಟ್ಟಿಗೆಯೊಳಗೆ ಎರಡಡಿ ಉದ್ದದ, ಒಳಗೆ ಟೊಳ್ಳಿರುವ, ಮಟ್ಟಸವಾದ ಒಂದು ಕೆಂಪು ಹಲಗೆ. ಮರದ್ದಲ್ಲ, ಮಣ್ಣಿನದು.

"ಇದು ಟೆರಾಕೋಟಾ ಸರ್. ಗೋಡೆಯ ಹೊರಮೈಗೆ ಕ್ಲ್ಯಾಡಿಂಗ್ ಮಾಡಿದರೆ ಕಟ್ಟಡ ಸುತ್ತಲಿನ ಪರಿಸರದೊಂದಿಗೆ ಬೆರೆತುಹೋಗುತ್ತದೆ."

ಬೆರೆತುಹೋಗುವುದು ಎಂಬ ಮಾತು ನನ್ನ ಕಿವಿಯಲ್ಲಿ ಸ್ವಲ್ಪ ಹೊತ್ತು ಉಳಿಯಿತು. ನಮ್ಮಂಥವರಿಗೆ ಆ ಬುದ್ಧಿವಾದ ಹೇಳುವವರು ಬಹಳ ಮಂದಿ ಇದ್ದಾರೆ. ಒಂದು ಕಟ್ಟಡಕ್ಕೆ ಹೇಳಿದ್ದನ್ನು ಕೇಳಿದ್ದು ಅದೇ ಮೊದಲು.

ಸಭೆಯಲ್ಲಿ ಕೂತಿದ್ದ ನನ್ನ ಮಾಮು ಆ ಹಲಗೆಯನ್ನು ಕೈಗೆತ್ತಿಕೊಂಡರು. ಅವರು ಕುಂದಾಪುರದ ಕಡೆಯ ಹಂಚಿನ ಕಾರ್ಖಾನೆಯೊಂದರ ಭಟ್ಟಿಯಲ್ಲಿ ಇಪ್ಪತ್ತಮೂರು ವರ್ಷ ದುಡಿದವರು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿಯ ಹತ್ತಿರ ಹಿಡಿದರು. "ಚೆನ್ನಾಗಿ ಬೆಂದಿದೆ ಬೇಟಾ. ಆದರೆ ಇದು ಖಪ್ರೈಲ್. ಇದನ್ನು ತಲೆ ಮೇಲೆ ಇಡುವುದು ಬಿಟ್ಟು ಎದೆಗೆ ಯಾಕೆ ಕಟ್ಟುತ್ತೀರಿ?" ಅಂದರು. ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು. ಈ ಲೇಖನ ಅದರ ಬೆನ್ನು ಹತ್ತಿ ಹೋದದ್ದರ ಫಲ.

ಮೊದಲು ನೆಲದ ಬಣ್ಣದ ಮಾತು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಹೊಸದಾಗಿ ಕೈವಶವಾದ ನಾಡಿನಲ್ಲಿ ಏನೇನಿದೆ ಎಂದು ನೋಡಿ ಬರಲು ಕಂಪೆನಿ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. ಮಲಬಾರಿನ ಅಂಗಾಡಿಪುರದಲ್ಲಿ ಆತ ಒಂದು ವಿಚಿತ್ರ ಕಲ್ಲು ಕಂಡ. ನೆಲದಡಿಯಲ್ಲಿರುವಾಗ ಕಬ್ಬಿಣದ ಹತಾರದಿಂದ ಸುಲಭವಾಗಿ ಕತ್ತರಿಸಬಹುದು, ಗಾಳಿಗೆ ಬಿಟ್ಟರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಇಟ್ಟಿಗೆಗೆ ಲ್ಯಾಟಿನ್‌ನಲ್ಲಿರುವ 'ಲೇಟರ್' ಎಂಬ ಪದದಿಂದ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಿಂದ ಆ ಹೆಸರು ಭೂವಿಜ್ಞಾನಕ್ಕೆ ಸೇರಿತು. ಅಂಗಾಡಿಪುರದಲ್ಲಿ ಇಂದಿಗೂ ಅದರ ಸ್ಮಾರಕವಿದೆ. 1801ರಲ್ಲಿ ಆತ ಕಾರ್ಕಳ, ಹಿರಿಯಡ್ಕ, ಉಡುಪಿ ದಾರಿಯಾಗಿ ಬಾರ್ಕೂರಿನ ಕಡೆಗೂ ಬಂದ. ಆದರೆ ಅವನು ಇಟ್ಟ ಹೆಸರು ನಮಗೆ ಹೊಸದೇನಲ್ಲ. ಕನ್ನಡದ 'ಜಂಬಿಟ್ಟಿಗೆ'ಯಲ್ಲಿ ಇಟ್ಟಿಗೆ ಮೊದಲೇ ಕೂತಿದೆ. ಕರಾವಳಿಯ ನಾವು ಆಡುಮಾತಿನಲ್ಲಿ ಮುರಕಲ್ಲು ಅನ್ನುತ್ತೇವೆ. ಆ ಕಲ್ಲಿನ ಕೆಂಪಿಗೂ ಹಂಚಿನ ಕೆಂಪಿಗೂ ಕಾರಣ ಒಂದೇ: ಮಣ್ಣಿನಲ್ಲಿರುವ ಕಬ್ಬಿಣ. ಒಂದನ್ನು ಬಿಸಿಲು ಮಳೆ ಬೇಯಿಸಿವೆ, ಇನ್ನೊಂದನ್ನು ಬೆಂಕಿ.

ಈ ನೆಲದ ಮಣ್ಣನ್ನು ಯಂತ್ರಕ್ಕೆ ಹಾಕಿ ಹಂಚು ಮಾಡಿದವರು ಹೊರಗಿನವರು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದವರಲ್ಲಿ ಅನೇಕರು ಬಿಲ್ಲವರು. ಮತ ಬಿಟ್ಟಾಗ ಮೂರ್ತೆಗಾರಿಕೆ ಹೋಯಿತು, ಗೇಣಿಗೆ ಮಾಡುತ್ತಿದ್ದ ಗದ್ದೆ ಹೋಯಿತು, ಮನೆಯವರೂ ಹೋದರು. ಅವರಿಗೆ ಅನ್ನದ ದಾರಿ ತೋರಿಸದೆ ಮಿಷನ್ನಿಗೆ ಗತ್ಯಂತರವಿರಲಿಲ್ಲ. ಮೊದಲು ಮುದ್ರಣಾಲಯ, ನೇಯ್ಗೆ. ಬಲ್ಮಠದ ನೇಯ್ಗೆ ಶಾಲೆಯಲ್ಲಿ ಹುಟ್ಟಿದ ಖಾಕಿ ಬಣ್ಣದ ಕತೆ ಎಲ್ಲರಿಗೂ ಗೊತ್ತು. ಹಂಚಿನ ಕತೆ ಅಷ್ಟೇ ದೊಡ್ಡದು. ಅಲ್ಸಾಸ್ ಪ್ರಾಂತದ ಗಿಲಾರ್ದೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚಿಗೆ ಪೇಟೆಂಟ್ ಪಡೆದಿದ್ದರು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಗಿಯೋರ್ಗ್ ಪ್ಲೆಬ್ಸ್ಟ್ ಆ ಬಗೆಯ ಹಂಚನ್ನು ನೇತ್ರಾವತಿ ದಡದ ಜೇಡಿಯಲ್ಲಿ ಒತ್ತಿ, ಸುಟ್ಟು ನೋಡಿದ. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ಮೂರೇ ವರ್ಷದಲ್ಲಿ, 1868ರಲ್ಲಿ, ಆಲ್ಬುಕರ್ಕ್ ಮನೆತನದವರು ತಮ್ಮದೊಂದನ್ನು ತೆರೆದರು. 1886ರಲ್ಲಿ ಮಿಷನ್ ಮಲ್ಪೆಯಲ್ಲೂ ಹಂಚು ಸುಡತೊಡಗಿತು. ಹೊಳೆಯ ಬದಿಯ ಜೇಡಿಮಣ್ಣು, ಘಟ್ಟದ ಕೆಳಗಿನ ಕಟ್ಟಿಗೆ, ಸಾಗಿಸಲು ಅಳಿವೆ. ಮೂರೂ ಒಂದೆಡೆ ಸಿಕ್ಕಿದ್ದರಿಂದ ಕರಾವಳಿಯುದ್ದಕ್ಕೂ ಚಿಮಣಿಗಳೆದ್ದವು.

ಈ ಚರಿತ್ರೆಯಲ್ಲಿ ನಮ್ಮವರು ಎಲ್ಲಿದ್ದರು ಎಂದು ಕೇಳಿದರೆ, ಮಂಜಿಗಳಲ್ಲಿದ್ದರು. ಹಂಚು ಹೇರಿದ ಹಾಯಿಹಡಗುಗಳು ಮುಂಬಯಿಗೆ, ಏಡನ್ನಿಗೆ, ಬಸ್ರಾಕ್ಕೆ, ಆಫ್ರಿಕದ ಮೂಡಣ ಕರಾವಳಿಗೆ ಹೋಗುತ್ತಿದ್ದವು. ಮಂಜಿಯ ಚುಕ್ಕಾಣಿ ಹಿಡಿದವರಲ್ಲಿ, ಬಂದರಿನಲ್ಲಿ ಲೆಕ್ಕ ಬರೆದವರಲ್ಲಿ, ತಲೆಹೊರೆ ಹೊತ್ತವರಲ್ಲಿ ಬ್ಯಾರಿಗಳೂ ಸಾಹೇಬರೂ ಧಾರಾಳ ಇದ್ದರು. ಕಾರ್ಖಾನೆಯ ಒಳಗೆ ಹೆಂಗಸರು. ಒತ್ತಿದ ಹಸಿ ಹಂಚನ್ನು ಭಟ್ಟಿಯ ಮೇಲಿನ ಅಟ್ಟಗಳಿಗೆ ಹೊತ್ತು, ಮರದ ಹಲಗೆಯ ಮೇಲೆ ಒಂದೊಂದಾಗಿ ಒಣಗಿಸಲು ಇಡುವ ಕೆಲಸ ಹೆಚ್ಚಾಗಿ ಅವರದ್ದು. ಸುಟ್ಟ ಒಂದು ಹಂಚು ಸುಮಾರು ಎರಡೂವರೆ ಕಿಲೋ ತೂಗುತ್ತದೆ, ಹಸಿಯಾಗಿರುವಾಗ ಇನ್ನೂ ಹೆಚ್ಚು. ಸಂಜೆಯ ಹೊತ್ತಿಗೆ ಕುತ್ತಿಗೆ ಎಷ್ಟು ಮಣ ಹೊತ್ತಿರುತ್ತದೆ ಎಂದು ಲೆಕ್ಕ ಹಾಕಿದವರಿಲ್ಲ ಎಂದು ಮಾಮು ಹೇಳುತ್ತಿದ್ದರು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರಕಾರ ಮಿಷನ್ನಿನ ಉದ್ಯಮಗಳನ್ನು ಶತ್ರುಗಳ ಸೊತ್ತೆಂದು ಕಿತ್ತುಕೊಂಡಿತು. 1919ರಲ್ಲಿ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಭಟ್ಟಿ ಆರಲಿಲ್ಲ, ಹೆಂಗಸರ ಕುತ್ತಿಗೆಯೂ ಹಗುರವಾಗಲಿಲ್ಲ.

ಬಾಸೆಲ್ ಮಿಷನ್ನಿನ ಹಂಚಿನ ಬೆನ್ನಿಗೆ '1865' ಎಂದು ಅಚ್ಚು ಇರುತ್ತದೆ. ಇದರಿಂದ ನಮ್ಮ ಕಡೆ ಒಂದು ತಮಾಷೆ ನಡೆದಿದೆ. ಮನೆ ರಿಪೇರಿಯಲ್ಲಿ ಹಂಚು ಇಳಿಸಿದವರು ಈ ಇಸವಿ ನೋಡಿ ತಮ್ಮ ಮನೆ ಅಷ್ಟು ಹಳೆಯದೆಂದು ಹೆಮ್ಮೆ ಪಡುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಮನೆಯದ್ದಲ್ಲ. ನಾನೂ ಒಂದು ಕತೆಯಲ್ಲಿ ಈ ತಪ್ಪು ಮಾಡಿದ್ದೇನೆ. ಓದುಗರೊಬ್ಬರು ಕಾರ್ಡು ಬರೆದು ತಿದ್ದಿದರು.

ಹಂಚು ಇಷ್ಟು ಸಮೀಪದಲ್ಲೇ ತಯಾರಾದರೂ ಬಡವರ ತಲೆಯ ಮೇಲೆ ಬಂದದ್ದು ಬಹಳ ತಡವಾಗಿ. ಮಲಬಾರಿನಲ್ಲಂತೂ ಒಂದು ಕಾಲಕ್ಕೆ ದೇವಸ್ಥಾನ, ಅರಮನೆಗಳಲ್ಲದೆ ಬೇರೆಯವರು ಹಂಚು ಹೊದೆಸಬೇಕಾದರೆ ರಾಜರ ಅಪ್ಪಣೆ ಬೇಕಿತ್ತು. ನಮ್ಮಲ್ಲಿ ಅಪ್ಪಣೆಗಿಂತ ದುಡ್ಡಿನ ಅಡ್ಡಿ ದೊಡ್ಡದು. ಒಕ್ಕಲುಗಳ ಮನೆ ಎಂದರೆ ಮುಳಿಹುಲ್ಲು, ಇಲ್ಲವೆ ಮಡಲು. ವರ್ಷ ವರ್ಷವೂ ಹೊದೆಸಬೇಕು, ಬೆಂಕಿಗೆ ಹೆದರಬೇಕು. 1974ರ ಭೂಸುಧಾರಣೆ ಕಾಯಿದೆ ಬಂದು ಗೇಣಿದಾರರು ಒಡೆಯರಾದ ಮೇಲೆ ಈ ಜಿಲ್ಲೆಯಲ್ಲಿ ಮುಳಿಹುಲ್ಲಿನ ಮಾಡು ವೇಗವಾಗಿ ಹಂಚಿನ ಮಾಡಾಯಿತು. ನಮ್ಮ ಅಬ್ಬಾ ಮನೆಗೆ ಹಂಚು ಹೊದೆಸಿದ ದಿನ ನೆರೆಕರೆಗೆಲ್ಲ ಬೆಲ್ಲದ ಪಾಯಸ ಹಂಚಿದ್ದನ್ನು ಅಮ್ಮಿ ಇಂದಿಗೂ ಹೇಳುತ್ತಾರೆ. ನಾನಾಗ ಹುಟ್ಟಿರಲಿಲ್ಲ. ಆದ್ದರಿಂದ ಆ ಕೆಂಪನ್ನು ಯಾರಾದರೂ 'ಪಾರಂಪರಿಕ ಸೊಬಗು' ಎಂದು ಕರೆದಾಗ ನನಗೆ ಕೊಂಚ ಇರಿಸುಮುರಿಸು. ನಮ್ಮ ಮನೆಗಳಿಗೆ ಅದು ಪರಂಪರೆಯಾಗಿ ಬಂದದ್ದಲ್ಲ, ಬಿಡುಗಡೆಯಾಗಿ ಬಂದದ್ದು.

ಮನೆಗೆ ಹಂಚು ಬರುತ್ತಿದ್ದ ಅದೇ ದಶಕದಲ್ಲಿ ಮಸೀದಿಯಿಂದ ಹಂಚು ಇಳಿಯತೊಡಗಿತು. ಇದನ್ನು ನಾವೇ ಹೇಳಿಕೊಳ್ಳಬೇಕು. ಈ ಕರಾವಳಿಯ ಮುಸ್ಲಿಮರು ನಿನ್ನೆ ಮೊನ್ನೆ ಬಂದವರಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಫಾಕನೂರ್ ಎಂದು ಕರೆದ ಬಾರ್ಕೂರಿನಲ್ಲಿ ಖಾಜಿ, ಖತೀಬರಿದ್ದ ಜಮಾತನ್ನು ಕಂಡ. ಅದರ ಮುಖ್ಯಸ್ಥ ಹುಸೇನ್ ಎಂಬಾತ ಜುಮಾ ಮಸೀದಿ ಕಟ್ಟಿಸಿದ್ದನ್ನು ಬರೆದಿಟ್ಟ. ಮಂಗಳೂರು ಬಂದರಿನ ಜೀನತ್ ಬಕ್ಷ್ ಮಸೀದಿಯ ಒಳಗೆ ಕೆತ್ತನೆಯ ಮರದ ಕಂಬಗಳನ್ನು ನೋಡಿದವರಿಗೆ, ಕಾಸರಗೋಡಿನ ಮಾಲಿಕ್ ದೀನಾರ್ ಮಸೀದಿಯ ಮಾಡನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಇಲ್ಲಿನ ಹಳೆಯ ಮಸೀದಿಗಳಿಗೆ ಗುಮ್ಮಟವಿರಲಿಲ್ಲ, ಮಿನಾರವಿರಲಿಲ್ಲ. ಕಲ್ಲಿನ ಪಂಚಾಂಗ, ಇಳಿಜಾರಿನ ಮಾಡು, ಮುಂದೆ ಜಗಲಿ, ಪಕ್ಕದಲ್ಲಿ ವುಝೂ ಮಾಡಲು ಕೆರೆ. ಗುತ್ತಿನ ಮನೆ ಕಟ್ಟಿದ ಬಡಗಿಯೇ ಮಸೀದಿಯ ಪಕ್ಕಾಸನ್ನೂ ಕೂಡಿಸುತ್ತಿದ್ದ. ದೂರದಿಂದ ನೋಡಿದರೆ ಮನೆ ಯಾವುದು, ಗುಡಿ ಯಾವುದು, ಪಳ್ಳಿ ಯಾವುದು ಎಂದು ತಿಳಿಯುತ್ತಿರಲಿಲ್ಲ. ಹಾಗೆ ಕಟ್ಟಿದವರಿಗೆ ಬೆರೆಯಬೇಕೆಂಬ ಉದ್ದೇಶವೇನೂ ಇರಲಿಲ್ಲ. ಮಳೆಗೆ ಅದೇ ಸರಿ, ಸಿಗುವ ಸಾಮಾನು ಅದೇ, ಬರುವ ಕೆಲಸಗಾರ ಅವನೇ.

ಎಪ್ಪತ್ತರ ದಶಕದ ನಂತರ ಗಲ್ಫಿನ ದುಡ್ಡು ಬಂತು. ದುಡ್ಡು ಬಂದದ್ದು ಒಳ್ಳೆಯದೇ, ಅದರಿಂದ ನಾವು ಶಾಲೆಗೆ ಹೋದೆವು. ಅದರ ಜೊತೆ ಕ್ಯಾಲೆಂಡರಿನ ಚಿತ್ರವೂ ಬಂತು. ಹುಡುಗರು ಶಾರ್ಜಾದಲ್ಲಿ ಕಂಡ ಗುಮ್ಮಟವನ್ನು ಊರಲ್ಲೂ ಕಾಣಬಯಸಿದರು. ಒಂದೊಂದೇ ಮಾಡು ಇಳಿಯಿತು, ಕೆತ್ತನೆಯ ತೊಲೆಗಳು ಕಟ್ಟಿಗೆ ದರದಲ್ಲಿ ಮಾರಾಟವಾದವು. ನಮ್ಮದು ಮಾತ್ರವೇ ಹೀಗಾಯಿತು ಎಂದಲ್ಲ. ದೇವಸ್ಥಾನಗಳೂ ಭೂತಸ್ಥಾನಗಳೂ ಅದೇ ಕಾಲದಲ್ಲಿ ಕಾಂಕ್ರೀಟಾದವು. ಎಲ್ಲರೂ ತಮ್ಮ ತಮ್ಮ ಗುರುತನ್ನು ದೂರದಿಂದಲೇ ಕಾಣುವಂತೆ ಎತ್ತರಿಸಿಕೊಂಡ ಕಾಲ ಅದು. ನಮ್ಮ ಟ್ರಸ್ಟಿನ ಬಿಳಿ-ಹಸಿರು ಪೆಟ್ಟಿಗೆಯೂ ಆ ಕಾಲದ ಕೂಸೇ.

ಹಂಚಿನ ಮಾಡಿನ ಕೆಳಗೆ ಕಛೇರಿ ನಡೆಯಲಾರದೇ? ಉಡುಪಿಯಲ್ಲೇ ಉತ್ತರವಿದೆ. 1906ರಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹಾದ್ದೂರ್ ಎಂಬ ಇಪ್ಪತ್ತನಾಲ್ಕರ ಹರೆಯದ ವರ್ತಕ ಊರಿನ ಪ್ರಮುಖರನ್ನು ಕೂಡಿಸಿ ಐದು ಸಾವಿರ ರೂಪಾಯಿ ಬಂಡವಾಳದಲ್ಲಿ 'ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ)' ಆರಂಭಿಸಿದ್ದು ತಮ್ಮ ಮನೆಯಲ್ಲೇ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕಾಯಿತು. ಶತಮಾನ ಕಳೆದ ಮೇಲೆ ಬ್ಯಾಂಕು ಆ ಮನೆಯನ್ನು ಕೆಡವಿ ಗಾಜಿನ ಕಟ್ಟಡ ಎಬ್ಬಿಸಬಹುದಿತ್ತು. ಹಾಗೆ ಮಾಡದೆ ದುರಸ್ತಿ ಮಾಡಿ, ನಾಣ್ಯಗಳ ಸಂಗ್ರಹವಿಟ್ಟು, 2011ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. 2020ರ ಏಪ್ರಿಲ್ 1ರಂದು ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಕರಗಿತು. ಅದೇ ದಿನ, 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕೂ ಕೆನರಾ ಬ್ಯಾಂಕಿನಲ್ಲಿ ಬೆರೆತುಹೋಯಿತು. ನೋಡಿ, ಅಲ್ಲೂ ಅದೇ ಶಬ್ದ.

ಈಗ ಗೋಡೆಯ ಪ್ರಶ್ನೆಗೆ ಬರೋಣ. ಬೆಂದ ಮಣ್ಣನ್ನು ಗೋಡೆಗೆ ತೊಡಿಸುವುದು ಕರ್ನಾಟಕಕ್ಕೆ ಹೊಸತೆಂದು ಆರ್ಕಿಟೆಕ್ಟ್ ಹೇಳಿದಾಗ ನಾನು ಬೀದರಿನ ಹೆಸರೆತ್ತಿದೆ. ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಪೂರ್ತಿಗೊಳಿಸಿದ ಮದರಸಾದ ಮುಂಗೋಡೆಗೆ ಪರ್ಷಿಯಾದ ರೀತಿಯ ಗಾಜುಲೇಪದ ಮಣ್ಣಿನ ಹಲ್ಲೆಗಳನ್ನು ಕೂರಿಸಿದ್ದರು. 1696ರಲ್ಲಿ ಸಿಡಿಲೆರಗಿ, ಒಳಗೆ ಕೂಡಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಉಳಿದ ಗೋಡೆಯಲ್ಲಿ ನೀಲಿ, ಹಸಿರು, ಹಳದಿ ಇನ್ನೂ ಅಲ್ಲಲ್ಲಿ ಅಂಟಿಕೊಂಡಿವೆ. ಬೀದರಿನದ್ದೂ ನಮ್ಮಂತೆಯೇ ಜಂಬಿಟ್ಟಿಗೆಯ ನೆಲ. ಆ ಕೆಂಪಿನ ನಡುವೆ ಗವಾನ್ ನೀಲಿಯನ್ನು ಇಟ್ಟ. ಅವನು ಕ್ಯಾಸ್ಪಿಯನ್ ಸಮುದ್ರದ ಬದಿಯ ಗೀಲಾನಿನವನು. ಅವನಿಗೆ ಬೀದರಿನಲ್ಲಿ ಬೆರೆಯುವ ಕಟ್ಟಡ ಬೇಕಿರಲಿಲ್ಲ, ಇರಾನನ್ನು ನೆನಪಿಸುವ ಕಟ್ಟಡ ಬೇಕಿತ್ತು. ಅದು ಚೆನ್ನಾಗಿಯೂ ಇದೆ. ಬೆರೆಯದ ಕಟ್ಟಡವೆಲ್ಲ ಕೆಟ್ಟದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಯುರೋಪಿನಲ್ಲಿ ಇದಕ್ಕೆ ಬೇರೆ ಕಾರಣಗಳಿದ್ದವು. 1881ರಲ್ಲಿ ತೆರೆದ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ವಾಸ್ತುಶಿಲ್ಪಿ ವಾಟರ್‌ಹೌಸ್ ಒಳಗೂ ಹೊರಗೂ ಟೆರಾಕೋಟಾ ತೊಡಿಸಿದ, ಆ ನಗರದ ಕಲ್ಲಿದ್ದಲ ಮಸಿ ಕೂತರೂ ತೊಳೆಯಬಹುದೆಂದು. ನಮ್ಮ ಆರ್ಕಿಟೆಕ್ಟ್ ತಂದ ಹಲಗೆಯ ವಂಶ ಇನ್ನೂ ಈಚಿನದು. ಜರ್ಮನಿಯಲ್ಲಿ ಥಾಮಸ್ ಹೆರ್ಜೋಗ್ 1980ರ ದಶಕದಲ್ಲಿ ಅದನ್ನು ರೂಪಿಸಿದ, ರೆಂಜೊ ಪಿಯಾನೊ 1991ರಲ್ಲಿ ಮುಗಿದ ಪ್ಯಾರಿಸ್ಸಿನ ವಸತಿ ಸಮುಚ್ಚಯದಲ್ಲಿ ಬೆಂದ ಮಣ್ಣಿನ ಹಲ್ಲೆಗಳನ್ನು ಹೊರಮೈಗೆ ಬಳಸಿ ಹೆಸರಾದ. ಇದನ್ನು ಗಾರೆಯಿಂದ ಅಂಟಿಸುವುದಿಲ್ಲ. ಗೋಡೆಗೆ ಅಲ್ಯೂಮಿನಿಯಂ ಪಟ್ಟಿ ಬಡಿದು, ಅದಕ್ಕೆ ಕೊಕ್ಕೆಯಲ್ಲಿ ಹಲಗೆಯನ್ನು ತೂಗುಹಾಕುತ್ತಾರೆ. ಹಿಂದೆ ಎರಡು ಮೂರು ಇಂಚು ಖಾಲಿ. ಮಳೆ ಹಲಗೆಗೆ ಬಡಿದು ಇಳಿಯುತ್ತದೆ, ಒಳನುಗ್ಗಿದ ಹನಿ ಆ ಖಾಲಿಯಲ್ಲಿ ಜಾರಿ ಕೆಳಗೆ ಹೋಗುತ್ತದೆ, ಗಾಳಿಯಾಡಿ ಗೋಡೆ ಒಣಗುತ್ತದೆ. ಬಿಸಿಲೂ ನೇರ ಗೋಡೆಗೆ ತಾಗದು.

ಇದನ್ನು ಕೇಳಿದಾಗ ಮಾಮು ತಲೆಯಾಡಿಸಿದರು. "ಮಾಡೂ ಇದನ್ನೇ ಮಾಡುವುದಲ್ಲವಾ?" ನಿಜ. ಹಂಚುಗಳು ಒಂದರ ಮೇಲೊಂದು ಕಚ್ಚಿಕೊಂಡಿದ್ದರೂ ಅವುಗಳ ಸಂದಿಯಲ್ಲಿ ಗಾಳಿ ಆಡುತ್ತದೆ. ರೀಪಿನ ಮೇಲೆ ಅವು ತೂಗುತ್ತವೆ, ಅಂಟಿಕೊಂಡಿರುವುದಿಲ್ಲ. ಒಡೆದದ್ದನ್ನು ಒಂದೇ ತೆಗೆದು ಬದಲಿಸಬಹುದು. ಹಾಗೆ ನೋಡಿದರೆ ಹೆರ್ಜೋಗನ ಗೋಡೆ, ಎದ್ದು ನಿಂತ ನಮ್ಮ ಮಾಡು. ಕರಾವಳಿಯಲ್ಲಿ ಈಚೆಗೆ ಕಾಣುವ ಇನ್ನೊಂದು ಬಗೆಗಿಂತ ಇದು ಎಷ್ಟೋ ಮರ್ಯಾದೆಯದು. ಇಳಿಜಾರಾಗಿ ಕಾಂಕ್ರೀಟು ಸುರಿದು ಅದರ ಮೇಲೆ ಸಿಮೆಂಟಿನಿಂದ ಹಂಚು ಮೆತ್ತುತ್ತಾರೆ. ಕಾಂಕ್ರೀಟು ಕಂಬಕ್ಕೆ ಮುರಕಲ್ಲಿನ ತೆಳು ಚೂರು ಅಂಟಿಸಿ 'ನಾಟಿ ಶೈಲಿ' ಎಂದು ಬೋರ್ಡು ಹಾಕುತ್ತಾರೆ. ಅಲ್ಲಿ ಹಂಚಿಗೆ ಕೆಲಸವಿಲ್ಲ, ವೇಷ ಮಾತ್ರ. ಲಾರಿ ಬೇಕರ್ ಕೇರಳದಲ್ಲಿ ಕಾಂಕ್ರೀಟು ಚಪ್ಪಡಿಯ ಹೊಟ್ಟೆಯಲ್ಲಿ ಹಳೆಯ ಮಂಗಳೂರು ಹಂಚು ತುಂಬಿ ಸಿಮೆಂಟು ಉಳಿಸುತ್ತಿದ್ದರು. ಅದೂ ಹಂಚಿಗೆ ಕೆಲಸ ಕೊಡುವ ದಾರಿಯೇ.

ಆದರೂ ನನಗೊಂದು ತಕರಾರು ಉಳಿದಿತ್ತು. 'ಸುತ್ತಲಿನ ಪರಿಸರ' ಎಂದರೆ ಯಾವುದು? ನೇರ ಅಳೆದರೆ ಕಾಪುವಿನಿಂದ ಕಾರ್ಕಳ ಮೂವತ್ತು ಕಿಲೋಮೀಟರಿನೊಳಗೆ. ಅಷ್ಟರಲ್ಲಿ ನೆಲ ಮೂರು ಸಲ ಬದಲಾಗುತ್ತದೆ. ಕಾಪುವಿನಲ್ಲಿ ಹೊಯ್ಗೆ, ಕಡಲ ಬಂಡೆ, ಅದರ ಮೇಲೆ 1901ರ ದೀಪಸ್ತಂಭ. ಮಣಿಪಾಲದ್ದು ಮುರಕಲ್ಲಿನ ಬೋಳುಗುಡ್ಡ. 'ಮಣ್ಣಪಳ್ಳ' ಎಂಬ ಕೆರೆಯ ಹೆಸರೇ ಊರಿನದ್ದಾಯಿತು ಎನ್ನುತ್ತಾರೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅಲ್ಲಿ ವೈದ್ಯಕೀಯ ಕಾಲೇಜು ತೆರೆಯುವವರೆಗೆ ಬೆರೆಯಲು ಸುತ್ತಲೂ ಏನೂ ಇರಲಿಲ್ಲ. ಕಾರ್ಕಳಕ್ಕೆ ಹೋದರೆ ಎಲ್ಲೆಲ್ಲೂ ಕರಿಬಂಡೆ. 1432ರ ಗೊಮ್ಮಟ ಕಲ್ಲು, 1586ರ ಚತುರ್ಮುಖ ಬಸದಿ ಗೋಡೆಯಿಂದ ಮಾಡಿನವರೆಗೂ ಕಲ್ಲು. ಅಲ್ಲಿ ಟೆರಾಕೋಟಾ ತೊಡಿಸಿದ ಕಛೇರಿ ಕಟ್ಟಿದರೆ ಬೆರೆಯುವುದಿಲ್ಲ, ಅತಿಥಿಯಂತೆ ನಿಲ್ಲುತ್ತದೆ. ಬಣ್ಣ ಬೆರೆತರೂ ಕೆಲವೊಮ್ಮೆ ಊರು ಬೆರೆಯುವುದಿಲ್ಲ. 2025ರ ಆರಂಭದಲ್ಲಿ ಬ್ರಹ್ಮಕಲಶೋತ್ಸವ ನಡೆದ ಕಾಪುವಿನ ಹೊಸ ಮಾರಿಗುಡಿ ಕಡುಗೆಂಪಾಗಿ ಎದ್ದಿದೆ. ಆ ಕೆಂಪು ಇಲ್ಲಿನದಲ್ಲ, ಇಳಕಲ್ಲಿನ ಶಿಲೆಯದು. ಭಕ್ತರಿಗೆ ಅದು ಹೆಮ್ಮೆ, ಕೆಲಸವೂ ಅಚ್ಚುಕಟ್ಟು. ಹಳೆಯ ಹಂಚಿನ ಕೆಂಪಿನ ಜೊತೆ ಅದನ್ನು ಸೇರಿಸಿ ಮಾತಾಡಬಾರದು, ಅಷ್ಟೆ.

ಈ ಗೊಂದಲ ಬಗೆಹರಿಸಲು ನಾನು ಮಣಿಪಾಲದ ಹಸ್ತಶಿಲ್ಪಕ್ಕೆ ಹೋದೆ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈ ಬ್ಯಾಂಕ್ ನೌಕರಿಯಲ್ಲಿದ್ದವರು. ಊರೂರುಗಳಲ್ಲಿ ಕೆಡವಲು ಹೊರಟ ಮನೆಗಳನ್ನು ಬಿಚ್ಚಿ ತಂದು, ತೊಲೆಗೆ ತೊಲೆ ಜೋಡಿಸಿ ನಿಲ್ಲಿಸಿದ ಊರು ಅದು. ಕುಂಜೂರಿನ ಚೌಕಿಮನೆಯಿದೆ, ಮಿಯಾರಿನ ಮನೆಯಿದೆ, ಹುಮನಾಬಾದಿನ ದಖನೀ ನವಾಬ್ ಮಹಲ್ ಕೂಡ ಇದೆ. ಉರ್ದು ಶಾಲೆಯಲ್ಲಿ ಕಲಿತ ನನಗೆ ಆ ಮಹಲಿನ ಎದುರು ಬಹಳ ಹೊತ್ತು ನಿಲ್ಲುವುದು ಸಹಜ. ಆದರೆ ಅಂದು ನನ್ನ ಕಣ್ಣು ಇದ್ದದ್ದು ಕುಂಜೂರಿನ ಮನೆಯ ಸೂರಿನ ಮೇಲೆ. ಸೂರು ಎಷ್ಟು ತಗ್ಗಿ ಬಂದಿದೆ ಎಂದರೆ ಒಳಗೆ ಹೋಗುವವನು ತಲೆ ಬಾಗಿಸಲೇಬೇಕು. ಗೋಡೆಗೆ ಮಳೆ ತಾಗುವುದೇ ಇಲ್ಲ. ಗೋಡೆ ಮಣ್ಣಿನದಾದರೂ ನಡೆಯುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಕಟ್ಟಡ ಪರಿಸರಕ್ಕೆ ಹೊಂದುವುದು ಬಣ್ಣದಿಂದಲ್ಲ, ಸೂರಿನಿಂದ. ನಮ್ಮ 1986ರ ಪೆಟ್ಟಿಗೆಗೆ ಇಲ್ಲದ್ದು ಅದೇ.

ಮುಂದಿನ ಸಭೆಯಲ್ಲಿ ಇದನ್ನು ಹೇಳಿದೆ. ಆರ್ಕಿಟೆಕ್ಟ್ ಬೇಸರ ಮಾಡಿಕೊಳ್ಳಲಿಲ್ಲ. ಲೆಕ್ಕ ಹಾಕಿ, ಹಲಗೆಗಳನ್ನು ಗಾಳಿಮಳೆ ನೇರ ಬಡಿಯುವ ಪಡುವಣ ಗೋಡೆಗೆ ಮಾತ್ರ ತೊಡಿಸುವುದು, ಉಳಿದ ಹಣದಲ್ಲಿ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಮೂರಡಿ ಸೂರು ಬಿಟ್ಟು ಹಂಚು ಹೊದೆಸುವುದು ಎಂದು ನಕ್ಷೆ ಬದಲಿಸಿದರು. ಉಪ್ಪುಗಾಳಿಗೆ ಕೊಕ್ಕೆ ತುಕ್ಕು ಹಿಡಿಯದಂತೆ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕೆಂದು ಸಮಿತಿಯ ಖಜಾಂಚಿ, ಮೊದಲು ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದವರು, ಹಠ ಹಿಡಿದರು. ಹೊಸ ಹಂಚಿ‌ಗೆ ಅಲೆದೆವು. ಕಾರ್ಖಾನೆಗಳಲ್ಲಿ ಹೆಚ್ಚಿನವು ಮುಚ್ಚಿವೆ. ಗದ್ದೆಯ ಜೇಡಿ ಅಗೆಯುವುದಕ್ಕೆ ಅಡ್ಡಿಗಳಿವೆ, ಕೇರಳದಲ್ಲಂತೂ 2008ರಿಂದ ಗದ್ದೆ ಉಳಿಸುವ ಕಾಯಿದೆಯೇ ಇದೆ. ಗದ್ದೆ ಉಳಿಯಲಿ, ಅದರಲ್ಲಿ ನನಗೆ ತಕರಾರಿಲ್ಲ. ಕೊನೆಗೆ ಶಿರ್ವದ ಕಡೆ ಕೆಡವುತ್ತಿದ್ದ ಮನೆಯೊಂದರ ಹಂಚು ಸಿಕ್ಕಿತು. ಎರಡು ಲಾರಿ.

ಹಂಚು ಇಳಿಸಿದ ದಿನ ಮಾಮು ಕಛೇರಿಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಹುಡುಗರು ಒಂದೊಂದಾಗಿ ತಂದು ಕೊಟ್ಟರು, ಅವರು ಒಂದೊಂದನ್ನೂ ತಟ್ಟಿ ಕೇಳಿದರು. ಟಣ್ ಎಂದದ್ದು ಬಲಕ್ಕೆ, ಒಡಕು ದನಿಯದ್ದು ಎಡಕ್ಕೆ. ಅಸರ್ ಅಝಾನ್ ಆಗುವ ಹೊತ್ತಿಗೆ ಎಡಗಡೆ ನೂರಕ್ಕೂ ಮಿಕ್ಕಿ ಬಿದ್ದಿದ್ದವು. ಇವನ್ನೇನು ಮಾಡುವುದು ಎಂದು ಕೇಳಿದೆ. ಬಾವಿಕಟ್ಟೆಯ ಸುತ್ತ ಮಳೆಗಾಲದಲ್ಲಿ ಕೆಸರಾಗುತ್ತದೆ, ಅಲ್ಲಿ ಹಾಸಿ ಅಂದರು.